ಧಾರಣೆಯ ಕಿಟಕಿ

ತಿಪಟೂರಿನ ನಮ್ಮ ಸಂಘದ ಕಚೇರಿಯಲ್ಲಿ ನನಗೆಂದು ಕೊಟ್ಟ ಕೊಠಡಿಯಲ್ಲಿ ನನಗಿಂತ ಮೊದಲು ಗೋಣಿಚೀಲಗಳು ವಾಸವಾಗಿದ್ದವು. ಅವುಗಳನ್ನು ಹಿಂದಿನ ಶೆಡ್ಡಿಗೆ ಸಾಗಿಸಿ, ಗೋಡೆಗೆ ಸುಣ್ಣ ಬಳಿಸಿ, ಮೇಜಿನ ಮೇಲೆ ಒಂದು ಗಣಕಯಂತ್ರವನ್ನಿಟ್ಟು, ಬಾಗಿಲಿಗೆ ‘ಗಣಕ ವಿಭಾಗ’ ಎಂಬ ಫಲಕವನ್ನು ತೂಗುಹಾಕಿದರು. ವಿಭಾಗವೆಂದರೆ ನಾನೊಬ್ಬನೇ. ಗೋಣಿಯ ವಾಸನೆ ಮಾತ್ರ ನಾನು ನಿವೃತ್ತನಾಗುವವರೆಗೂ ಆ ಕೊಠಡಿಯನ್ನು ಬಿಟ್ಟು ಹೋಗಲಿಲ್ಲ.

ಈಚೆಗೆ ಸಂಘಕ್ಕೆ ಹೊಸದಾಗಿ ಸೇರಿರುವ ಇಬ್ಬರು ತರುಣರು ನಮ್ಮ ಮನೆಗೆ ಬಂದು, ‘ಸರ್ವರ್ ಮೇಲೆ ಭಾರ ಜಾಸ್ತಿ ಆದ್ರೆ ಎಲ್ಲಿಂದ ಹುಡುಕ್ಬೇಕು ಸಾರ್?’ ಎಂದು ಕೇಳಿದರು. ಒಂದೇ ಮಾತಿನಲ್ಲಿ ಹೇಳಲಾಗದೆ ಕಾಫಿ ಕೊಟ್ಟು ಕಳುಹಿಸಿದೆ. ಅವರಿಗೂ ಅವರಂತೆ ಈ ಕೆಲಸಕ್ಕೆ ಬರುವವರಿಗೂ ಕೊಡಬೇಕಾದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಚಿಕ್ಕನಾಯಕನಹಳ್ಳಿ ಕಡೆಯವನು. ಗುಡ್ಡದ ತಪ್ಪಲಿನಲ್ಲಿ ಕುರಿ ಮೇಯಿಸಿಕೊಂಡಿದ್ದ ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆದ್ದರಿಂದಲೋ ಏನೋ, ನಾಲ್ಕು ಜನರ ಮುಂದೆ ಬಾಯಿ ತೆರೆಯುವಾಗ ‘ಅ’ಕಾರ ಇರಬೇಕಾದಲ್ಲಿ ‘ಹ’ಕಾರ ಬಂದೀತೆಂಬ ಅಳುಕು ನನ್ನನ್ನು ಎಂದೂ ಬಿಡಲಿಲ್ಲ. ಬರೆದದ್ದನ್ನು ಮೂರು ಬಾರಿ ಓದದೆ ಸಹಿ ಮಾಡುತ್ತಿರಲಿಲ್ಲ. ಈ ಅಭ್ಯಾಸದಿಂದ ನನಗೆ ಒಳ್ಳೆಯ ಹೆಸರು ಬಂದಿತು. ಒಮ್ಮೆ ಮಾತ್ರ ಅದರಿಂದಲೇ ನನ್ನ ವಿಭಾಗ ಗೋಣಿಚೀಲಗಳ ಪಾಲಾಗುವುದರಲ್ಲಿತ್ತು.

ಕೊಬ್ಬರಿ ವರ್ತಕರೂ ತೆಂಗು ಬೆಳೆಗಾರರೂ ಸೇರಿ ಕಟ್ಟಿಕೊಂಡ ಸಂಘ ನಮ್ಮದು. ತೊಂಬತ್ತರ ದಶಕದಲ್ಲಿ ನಾನು ಸೇರಿದಾಗ ಗಣಕಯಂತ್ರದಲ್ಲಿ ಸುತ್ತೋಲೆಗಳನ್ನು ಬೆರಳಚ್ಚಿಸುವುದಷ್ಟೇ ನನ್ನ ಕೆಲಸವಾಗಿತ್ತು. ಆಗ ಒಂದು ಯಂತ್ರದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಕನ್ನಡವಾಗಿ ಉಳಿಯುತ್ತಿರಲಿಲ್ಲ. ನಾನು ಕಳುಹಿಸಿದ ‘ಕೊಬ್ಬರಿ’ ತುಮಕೂರು ತಲುಪುವಷ್ಟರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿರುತ್ತಿತ್ತು. ಸಂಜೆಯ ವೇಳೆ ಮಂಡಿಗಳ ಮಾಲೀಕರಿಗೆ ಗಣಕಯಂತ್ರದ ಪಾಠವನ್ನೂ ಹೇಳಿಕೊಡುತ್ತಿದ್ದೆ. ಅಂದಿನಿಂದ ಮಾರುಕಟ್ಟೆ ಯಾರ್ಡಿನಲ್ಲಿ ನನ್ನ ಸಿದ್ಧರಾಜು ಎಂಬ ಹೆಸರು ಮರೆತುಹೋಗಿ ‘ಮೇಷ್ಟ್ರು’ ಎಂಬುದೇ ಉಳಿಯಿತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿ, ತಿಪಟೂರಿಗೆ ಬ್ರಾಡ್‌ಬ್ಯಾಂಡ್ ಬಂದಾಗ, ಸಂಘಕ್ಕೊಂದು ಜಾಲತಾಣ ಬೇಕೆಂದು ನಮ್ಮ ಕಾರ್ಯದರ್ಶಿ ಶಿವರುದ್ರಯ್ಯನವರು ನಿರ್ಧರಿಸಿದರು. ಬುಧವಾರ, ಶನಿವಾರಗಳ ಹರಾಜಿನ ದಿನ ಪ್ರತಿ ಲಾಟಿನ, ಎಂದರೆ ಒಟ್ಟಿಗೆ ಹರಾಜಾಗುವ ಮೂಟೆಗಳ ಗುಂಪಿನ, ಧಾರಣೆಯೂ ಬಂದ ಕೂಡಲೇ ಅದರಲ್ಲಿ ಕಾಣಬೇಕು. ಹೊನ್ನವಳ್ಳಿಯವರು, ನೊಣವಿನಕೆರೆಯವರು ಬಸ್ಸು ಹತ್ತುವ ಮೊದಲೇ ಅಂದಿನ ಧಾರಣೆ ತಿಳಿಯಬೇಕು ಎಂಬುದು ಅವರ ಆಸೆ. ನನ್ನ ಸಹಾಯಕ್ಕೆ ಪುಟ್ಟತಾಯಮ್ಮ ಎಂಬ ಚುರುಕಾದ ಹೆಣ್ಣುಮಗಳನ್ನು ನೇಮಿಸಿದರು. ಆಕೆ ಯಾರ್ಡಿನಲ್ಲಿ ನಿಂತು ಫೋನಿನಲ್ಲಿ ಧಾರಣೆ ಹೇಳುವುದು, ನಾನು ಕಚೇರಿಯಲ್ಲಿ ಕುಳಿತು ತುಂಬುವುದು.

ಜಾಲತಾಣವನ್ನು ಅಚ್ಚ ಕನ್ನಡದಲ್ಲಿಯೇ ಕಟ್ಟಿದೆ. ‘ಇಂದಿನ ಧಾರಣೆ’ ಎಂಬಲ್ಲಿ ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆದುಕೊಂಡು, ದೊಡ್ಡ ಅಂಕಿಗಳಲ್ಲಿ ಧಾರಣೆ ತೋರಿಸಿ, ಹತ್ತು ಸೆಕೆಂಡಿಗೊಮ್ಮೆ ತಾನಾಗಿಯೇ ಹೊಸ ಅಂಕಿಗಳನ್ನು ತಂದುಕೊಳ್ಳುತ್ತಿತ್ತು. ನೋಡಿ ಮುಗಿದ ಮೇಲೆ ಒತ್ತಬೇಕಾದ, ಕಿಟಕಿಯ ಕೆಳಗಿನ ಗುಂಡಿಗೆ ಪದ ಹುಡುಕಲು ಎರಡು ನಿಘಂಟುಗಳನ್ನು ತಿರುವಿಹಾಕಿದೆ. ‘ನಿರ್ಗಮಿಸಿ’ ಎಂದರೆ ಚಿತ್ರಮಂದಿರದ ಬಾಗಿಲಿನಂತಾಗುತ್ತದೆ. ‘ಮುಕ್ತಾಯ’ ಎಂದರೆ ನಾಟಕದ ಪರದೆ ಇಳಿದಂತಾಗುತ್ತದೆ. ಕಡೆಗೆ ‘ಮುಚ್ಚಿ’ ಎಂದು ಹಾಕಿದೆ. ಶುದ್ಧವಾದ ಪದ, ಮರ್ಯಾದೆಯ ರೂಪ, ಅರ್ಥದಲ್ಲಿ ಸಂದಿಗ್ಧವಿಲ್ಲ. ನನಗೆ ಬಹಳ ತೃಪ್ತಿಯಾಯಿತು.

ಶಿವರುದ್ರಯ್ಯನವರಿಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಪುಟದ ಅಡಿಯಲ್ಲಿ ಓಡುತ್ತಿದ್ದ ಸಂದರ್ಶಕರ ಸಂಖ್ಯೆ. ದಿನಕ್ಕೆ ಹಲವು ಬಾರಿ ನನ್ನ ಕೊಠಡಿಗೆ ಬಂದು, ಕನ್ನಡಕ ಮೇಲಕ್ಕೆತ್ತಿ, ಅದನ್ನು ನೋಡಿ ಹೋಗುತ್ತಿದ್ದರು. ಆ ಸಂಖ್ಯೆ ವಾರದಿಂದ ವಾರಕ್ಕೆ ನಂಬಲಾಗದಂತೆ ಬೆಳೆಯಿತು.

‘ನೋಡಿದ್ಯಾ ಸಿದ್ರಾಜು? ದಿಲ್ಲಿಯೋರು, ರಾಜಸ್ಥಾನದೋರು, ಎಲ್ಲಾ ನಮ್ ಕೊಬ್ರೀನೇ ನೋಡ್ತಾ ಕೂತವ್ರೆ ಕಣಪ್ಪ’ ಎನ್ನುತ್ತಿದ್ದರು. ಸಭೆಗಳಲ್ಲಿಯೂ ಹಾಗೆಯೇ ಹೇಳತೊಡಗಿದರು. ನಾನೂ ನಂಬಿದೆ.

ಹೀಗಿರುವಾಗ ಒಂದು ಬುಧವಾರ, ಹರಾಜು ಕಾವೇರಿದ ಹೊತ್ತಿನಲ್ಲಿ, ನಮ್ಮ ಜಾಲತಾಣ ಮಾಯವಾಯಿತು. ಅದರ ಜಾಗದಲ್ಲಿ ‘ಅಕೌಂಟ್ ಸಸ್ಪೆಂಡೆಡ್’ ಎಂಬ ಎರಡು ಇಂಗ್ಲಿಷ್ ಪದಗಳು ನಿಂತಿದ್ದವು.

ಹೊಸಬರಿಗೆ ಇಲ್ಲಿ ಒಂದು ಮಾತು ವಿವರಿಸಬೇಕು. ನಮ್ಮಂಥ ಸಣ್ಣ ಜಾಲತಾಣಗಳಿಗೆ ಸ್ವಂತ ಸರ್ವರ್ ಇರುವುದಿಲ್ಲ. ಒಂದೇ ಸರ್ವರಿನಲ್ಲಿ ನೂರಾರು ಜಾಲತಾಣಗಳು ಬಾಡಿಗೆಗೆ ಇರುತ್ತವೆ. ವಠಾರದಂತೆ ಎನ್ನಿ. ಬೇರೆ ಬೇರೆ ಮನೆಗಳು, ಅಂಗಳದಲ್ಲಿ ಒಂದೇ ನಲ್ಲಿ. ಒಂದು ಮನೆಯವರು ಕೊಳಾಯಿಯನ್ನು ಬಿಟ್ಟುಕೊಂಡೇ ಕುಳಿತರೆ ಉಳಿದವರ ಬಿಂದಿಗೆ ತುಂಬುವುದಿಲ್ಲ. ಆಗ ವಠಾರದ ಒಡೆಯ ಬಂದು ಆ ಮನೆಗೆ ಬೀಗ ಜಡಿಯುತ್ತಾನೆ. ಇಲ್ಲಿ ಒಡೆಯನೆಂದರೆ ಜಾಗ ಬಾಡಿಗೆಗೆ ಕೊಟ್ಟ ಕಂಪನಿ; ನಲ್ಲಿಯೆಂದರೆ ಸರ್ವರಿನ ಸಂಸ್ಕಾರಕ, ಅಂದರೆ ಲೆಕ್ಕ ಹಾಕುವ ಪ್ರೊಸೆಸರ್. ನಾವು ಬಿಟ್ಟುಕೊಂಡ ನೀರು ಎಲ್ಲಿಗೆ ಹರಿಯುತ್ತಿದೆ ಎಂದು ಹುಡುಕುವುದೇ ನನ್ನ ಮುಂದಿದ್ದ ಕೆಲಸ.

ಅದಕ್ಕೆ ಮೊದಲು ಬೇರೊಂದು ಅನಾಹುತವಾಯಿತು. ನಮ್ಮ ಕಡೆ ‘ಸಸ್ಪೆಂಡ್’ ಎಂಬ ಪದಕ್ಕೆ ಒಂದೇ ಅರ್ಥ. ಜಾಲತಾಣದಲ್ಲಿ ಅದನ್ನು ಓದಿದ ಯಾರೋ ಸಂಘದಲ್ಲಿ ಯಾರನ್ನೋ ಅಮಾನತು ಮಾಡಿದ್ದಾರೆಂದು ತಿಳಿದರು. ಸಂಜೆಯೊಳಗೆ ಆ ಯಾರೋ ನಾನೇ ಆಗಿದ್ದೆ. ಎರಡು ದಿನಗಳಲ್ಲಿ ಸುದ್ದಿ ಊರು ಮುಟ್ಟಿ, ನಮ್ಮ ತಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಂದಿಳಿದರು.

‘ಏನ್ಲಾ ಮಾಡ್ದೆ?’ ಎಂದರು, ಕಚೇರಿಯ ಮೆಟ್ಟಿಲ ಮೇಲೆಯೇ.

‘ನಾನೇನೂ ಮಾಡಿಲ್ಲಪ್ಪ. ಸಸ್ಪೆಂಡ್ ಆಗಿರೋದು ಜಾಲತಾಣ.’

‘ಯಾವನವ್ನು?’

ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತಂದೆಯವರನ್ನು ಕೊಠಡಿಗೆ ಕರೆದೊಯ್ದು, ಯಂತ್ರ ತೋರಿಸಿ, ಕಾಫಿ ಕೊಡಿಸಿ ಸಮಾಧಾನಪಡಿಸಿದೆ. ಅವರು ಯಂತ್ರವನ್ನು ಬಹಳ ಹೊತ್ತು ನೋಡಿ, ‘ಇದಕ್ಕಾದ್ರೆ ಸರಿ ಬುಡು’ ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟರು.

ಕಂಪನಿಗೆ ಫೋನು ಮಾಡುವ ಮೊದಲು ಆಡಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಸಹಾಯವಾಣಿಯ ಯುವಕ ನನ್ನ ಮೊದಲ ವಾಕ್ಯ ಮುಗಿಯುವ ಮೊದಲೇ, ಟಿಕೆಟ್ ಹಾಕಿ ಎಂದು ಹೇಳಿ ಫೋನಿಟ್ಟ. ಎದುರಿಗೆ ಕುಳಿತಿದ್ದ ಶಿವರುದ್ರಯ್ಯನವರಿಗೆ ಅದನ್ನೇ ತಿಳಿಸಿದೆ.

‘ಎಲ್ಲಿಗಪ್ಪ ಟಿಕೆಟ್ಟು? ಬೆಂಗ್ಳೂರ್ಗಾ? ಬೆಳಿಗ್ಗೆ ಪ್ಯಾಸೆಂಜರ್ಗೆ ಹೋಗಿ ಸಂಜೆಗೆ ಬಂದ್ಬುಡು’ ಎಂದರು.

ಟಿಕೆಟ್ಟೆಂದರೆ ದೂರು ಎಂದು ವಿವರಿಸಿ, ರಜೆಯ ಅರ್ಜಿಯಷ್ಟು ವಿನಯದಿಂದ ಅದನ್ನು ಬರೆದೆ. ಬಂದ ಉತ್ತರ ಒಂದೇ ಸಾಲು: ನಿಮ್ಮ ಜಾಲತಾಣ ಮಿತಿ ಮೀರಿ ಸಂಸ್ಕಾರಕವನ್ನು ಬಳಸುತ್ತಿದೆ, ಸರಿಪಡಿಸಿಕೊಳ್ಳಿ. ಏಕೆ, ಯಾವ ಪುಟದಿಂದ ಎಂಬುದಿಲ್ಲ. ಈ ಬಾರಿಗೆ ಬೀಗ ತೆಗೆದುಕೊಟ್ಟರು.

ಮೊದಲು ನಾನು ಸಂಶಯಪಟ್ಟದ್ದು ಚಿತ್ರಗಳನ್ನು. ಹಾರ ಹಾಕಿಸಿಕೊಂಡ ನಿರ್ದೇಶಕರ ಭಾವಚಿತ್ರಗಳು ಮುಖಪುಟದ ತುಂಬ ಇದ್ದವು. ಎಲ್ಲವನ್ನೂ ಅಂಚೆಚೀಟಿಯಷ್ಟಕ್ಕೆ ಇಳಿಸಿದೆ. ಮರುದಿನ ಹಿರಿಯ ನಿರ್ದೇಶಕರೊಬ್ಬರು ಬಂದು, ‘ನಾನೇನು ಸಂಘಕ್ಕೆ ಕೆಟ್ಟದ್ದು ಬಗೆದಿದ್ನೇನಯ್ಯ? ನನ್ ಮುಖ ಯಾಕಿಷ್ಟು ಸಣ್ಣ ಆಯ್ತು?’ ಎಂದು ಕೇಳಿದರು. ಭಾರ ಮಾತ್ರ ಇಳಿಯಲಿಲ್ಲ. ಚಿತ್ರಗಳು ಸರ್ವರಿನಿಂದ ಸಾಗಿಸಬೇಕಾದ ಸರಕನ್ನು ಹೆಚ್ಚಿಸುತ್ತವೆಯೇ ಹೊರತು ಅದರ ತಲೆಗೆ ಕೆಲಸ ಕೊಡುವುದಿಲ್ಲ. ಹೊರುವ ಶ್ರಮ ಬೇರೆ, ಲೆಕ್ಕ ಹಾಕುವ ಶ್ರಮ ಬೇರೆ ಎಂಬುದನ್ನು ಅಂದು ಕಲಿತೆ. ಹೊಸಬರು ಮೊದಲಿಗೇ ಕಲಿಯಲಿ ಎಂದು ಇಲ್ಲಿ ಬರೆದಿದ್ದೇನೆ. ನಿರ್ದೇಶಕರ ಮುಖಗಳನ್ನು ಮೊದಲಿನ ಗಾತ್ರಕ್ಕೆ ಮರಳಿಸಿದೆ.

ಮುಂದಿನ ಬುಧವಾರದ ಹರಾಜಿಗೆ ಎರಡನೆಯ ಬೀಗ ಬಿದ್ದಿತು. ಅದನ್ನು ತೆಗೆಯುವಾಗ ಕಂಪನಿಯವರು, ಇನ್ನೊಮ್ಮೆ ಹೀಗಾದರೆ ಖಾತೆಯನ್ನೇ ಅಳಿಸುತ್ತೇವೆಂದು ಬರೆದರು. ಶಿವರುದ್ರಯ್ಯನವರು ಒಳ್ಳೆಯವರು, ಆದರೆ ಕಮಿಟಿಯವರ ಮಾತು ಕೇಳಿ ಕೇಳಿ ದಣಿದಿದ್ದರು.

‘ನೋಡು ಸಿದ್ರಾಜು, ನಿನ್ ಮೇಲೆ ನಂಗೇನು ಸಿಟ್ಟಿಲ್ಲ. ಹರಾಜಿನ ದಿನಾನೇ ಧಾರಣೆ ಕಾಣ್ದಿದ್ರೆ ಈ ವಿಭಾಗ ಯಾಕೆ ಅಂತ ಕಮಿಟೀಲಿ ಕೇಳ್ತಾವ್ರೆ. ಮೂರ್ನೇ ಸಲ ಏನಾದ್ರೂ ನಿಂತ್ರೆ ಮತ್ತೆ ನಾನು ತಡೆಯಕಾಗಲ್ಲ. ನಿನ್ನ ರಸೀದಿ ಬರೆಯೋ ಕೌಂಟರ್ಗೆ ಹಾಕ್ತಾರೆ. ಪುಟ್ತಾಯಮ್ಮನ್ನ ಏನ್ ಮಾಡ್ತಾರೋ ಗೊತ್ತಿಲ್ಲ.’

ಆಕೆಯದು ಇನ್ನೂ ತಾತ್ಕಾಲಿಕ ನೌಕರಿ. ಅಂದೇ ಮಧ್ಯಾಹ್ನ ಹಿಂದಿನ ಶೆಡ್ಡು ಸೋರುತ್ತದೆಂಬ ನೆಪದಲ್ಲಿ ಗೋಣಿಚೀಲಗಳ ಎರಡು ಹೊರೆಗಳು ಬಂದು ನಮ್ಮ ಬಾಗಿಲ ಪಕ್ಕದಲ್ಲಿ ಕುಳಿತವು. ಒಳಗೆ ಬರಲು ಅಪ್ಪಣೆಗಾಗಿ ಕಾಯುತ್ತಿರುವ ನೆಂಟರಂತೆ ಕಾಣುತ್ತಿದ್ದವು.

‘ಅಣ್ಣ, ಇವು ನಮ್ಮನ್ನೇ ನೋಡ್ತಾ ಕೂತವೆ’ ಎಂದಳು ಪುಟ್ಟತಾಯಮ್ಮ.

ಈ ಬಾರಿ ನಾನು, ಪುಟ ತೋರಿಸೆಂದು ಸರ್ವರಿನ ಬಳಿ ಬರುವ ಬೇಡಿಕೆಗಳು ಎಲ್ಲಿಂದ ಬರುತ್ತಿವೆ ಎಂದು ಪರಿಶೀಲಿಸಿದೆ. ಬಹುಪಾಲು ಒಂದೇ ಗುಂಪಿನ ಅಂತರಜಾಲ ವಿಳಾಸಗಳಿಂದ, ಬಿಡುವಿಲ್ಲದೆ ಬರುತ್ತಿದ್ದವು. ಯಾರೋ ದುರುದ್ದೇಶದಿಂದ ಹೀಗೆ ಮಾಡುತ್ತಿದ್ದಾರೆಂದು ನನಗೆ ಖಚಿತವಾಯಿತು. ಆ ಗುಂಪನ್ನೇ ತಡೆದುಬಿಟ್ಟೆ. ಕಂಪನಿ ಕೊಟ್ಟಿದ್ದ ನಿಯಂತ್ರಣ ಫಲಕದಲ್ಲಿ, ಸರ್ವರಿನ ಮೇಲೆ ನಾವು ಹಾಕುವ ಭಾರವನ್ನು ತೋರಿಸುವ ಗೆರೆ ಸರ್ರನೆ ನೆಲಕ್ಕಿಳಿಯಿತು. ‘ಹಿಡಿದೆ’ ಎಂದೆ. ಪುಟ್ಟತಾಯಮ್ಮ ಚಪ್ಪಾಳೆ ತಟ್ಟುವಷ್ಟರಲ್ಲಿ ಫೋನು ಬಂದಿತು.

‘ಮೇಷ್ಟ್ರೇ, ಧಾರಣೆ ಕಾಣುಸ್ತಿಲ್ವಲ್ರೀ.’

ಅದನ್ನಿಡುತ್ತಲೇ ಇನ್ನೊಂದು, ಮತ್ತೊಂದು. ನಮ್ಮ ಯಂತ್ರದಲ್ಲಿಯೂ ಜಾಲತಾಣ ತೆರೆಯಲಿಲ್ಲ. ನಾನು ತಡೆದದ್ದು ತಿಪಟೂರು ಪಟ್ಟಣಕ್ಕೆ ಹಂಚಿದ್ದ ವಿಳಾಸಗಳನ್ನು. ಬೆಂಗಳೂರಿನಲ್ಲಿ ಕುಳಿತವರಿಗೆ ತಿಪಟೂರಿನ ಧಾರಣೆ ಕಾಣುತ್ತಿತ್ತು, ತಿಪಟೂರಿನವರಿಗೆ ಮಾತ್ರ ಕಾಣುತ್ತಿರಲಿಲ್ಲ. ಕೂಡಲೇ ತಡೆ ತೆಗೆದೆ. ವೈರಿಯಂತೂ ಸಿಗಲಿಲ್ಲ, ಆದರೆ ಭಾರ ಹೊರಗಿನಿಂದ ಬರುತ್ತಿಲ್ಲ, ನಮ್ಮ ಊರಿನಿಂದಲೇ ಬರುತ್ತಿದೆ ಎಂಬುದು ತಿಳಿಯಿತು. ಇಷ್ಟು ಸಣ್ಣ ಊರಿನಿಂದ ಇಷ್ಟೊಂದು ಜನ ನೋಡುವುದಾದರೂ ಹೇಗೆ?

ಮಾರನೆಯ ದಿನ ಪುಟ್ಟತಾಯಮ್ಮ ಯಾರ್ಡಿನಿಂದ ಫೋನು ಮಾಡಿ, ‘ಅಣ್ಣ, ಇಲ್ಲಿ ಕರೆಂಟು ಹೋಯ್ತು’ ಎಂದಳು. ಬಸ್ ನಿಲ್ದಾಣದ ಬಳಿಯಿದ್ದ ನಮ್ಮ ಕಚೇರಿಯದು ಬೇರೆ ಲೈನು, ನಮ್ಮಲ್ಲಿ ಕರೆಂಟಿತ್ತು. ಆಕೆಯೊಡನೆ ಮಾತನಾಡುತ್ತಲೇ ಭಾರದ ಗೆರೆಯ ಮೇಲೆ ಕಣ್ಣಿಟ್ಟಿದ್ದೆ. ಮಂಡಿಗಳ ಯುಪಿಎಸ್‌ಗಳು ಒಂದೊಂದಾಗಿ ಕೂಗಿ ಸುಮ್ಮನಾಗುತ್ತಿದ್ದಂತೆ ಗೆರೆಯೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಕರೆಂಟು ಬಂದ ಮೇಲೆ ಅದು ಒಮ್ಮೆಗೇ ಏರಲಿಲ್ಲ. ಸಂಜೆಯವರೆಗೂ ಸ್ವಲ್ಪ ಸ್ವಲ್ಪವೇ ಏರಿತು, ವಹಿವಾಟು ಮುಗಿದ ಮೇಲೂ ಇಳಿಯಲಿಲ್ಲ. ಊರಿನಲ್ಲಿ ಹುಡುಕಬೇಕಾಗಿದ್ದದ್ದು ಈಗ ಯಾರ್ಡಿಗೆ ಇಳಿಯಿತು. ಮೇಜಿನ ಮುಂದೆ ಕುಳಿತು ತಿಳಿಯಬಹುದಾದದ್ದು ಅಷ್ಟೇ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೊದಲು ಹೋದದ್ದು ಗಂಗಾಧರಪ್ಪನವರ ಮಂಡಿಗೆ. ಉಂಡೆ ಕೊಬ್ಬರಿಯ ಹಳೆಯ ವರ್ತಕರು. ನನ್ನ ಸಂಜೆಯ ಪಾಠಗಳಿಗೆ ವಿಭೂತಿ ಧರಿಸಿ, ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ವಿದ್ಯಾರ್ಥಿ. ಮೂಟೆಗಳ ನಡುವೆ ಗಾದಿಯ ಮೇಲೆ ಕುಳಿತಿದ್ದರು. ಪಕ್ಕದ ಡೆಸ್ಕಿನ ಮೇಲೆ ಗಣಕಯಂತ್ರ, ಅದರ ಹಣೆಗೆ ಕುಂಕುಮ.

‘ಬನ್ನಿ ಮೇಷ್ಟ್ರೇ. ಒಳ್ಳೇ ಹೊತ್ಗೆ ಬಂದ್ರಿ. ಬೆಳಿಗ್ಗೆ ಚೆನ್ನಾಗಿ ಓಡ್ತದೆ ಇದು, ಮಧ್ಯಾಹ್ನ ಆಗ್ತಾ ಆಗ್ತಾ ಏರು ಹತ್ತೋ ಎತ್ತಿನಂಗೆ ಮುಗ್ಗರಿಸ್ತದೆ.’

ಪರದೆಯ ಕೆಳಗಿನ ಪಟ್ಟಿಯನ್ನು ನೋಡಿದೆ. ‘ಇಂದಿನ ಧಾರಣೆ’, ‘ಇಂದಿನ ಧಾರಣೆ’, ‘ಇಂದಿನ ಧಾರಣೆ’ ಎಂದು ಕಿಟಕಿಗಳು ಒತ್ತೊತ್ತಾಗಿ, ಹೆಸರಿನ ಮೊದಲ ಅಕ್ಷರವೂ ಪೂರ್ತಿ ಕಾಣದಷ್ಟು ಕಿರಿದಾಗಿ ಕುಳಿತಿದ್ದವು.

‘ಯಜಮಾನ್ರೇ, ಇಷ್ಟೊಂದು ಕಿಟಕಿ ಯಾಕೆ ತೆಗೆದಿಟ್ಟಿದ್ದೀರಿ?’

‘ತೆಗ್ದಿಟ್ಟಿಲ್ಲ, ಕೆಳಗೆ ಕೂರ್ಸಿದ್ದೀನಿ. ಗೀಟು ಒತ್ತಿದ್ರೆ ಕೆಳಗೋಗಿ ಕೂತ್ಕತ್ತದೆ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ? ಧಾರಣೆ ನೋಡ್ತೀನಿ, ಕೂರುಸ್ತೀನಿ. ಆಮೇಲೆ ಬೇಕಾದ್ರೆ ಹೊಸದು ತೆಗಿತೀನಿ.’

‘ನೋಡಿ ಆದ ಮೇಲೆ ಈ ಗುಂಡಿ ಒತ್ತಬೇಕಲ್ಲ.’

‘ಅದ್ರ ಮೇಲೆ ಏನಂತ ಬರ್ದಿದ್ದೀರಿ, ನೀವೇ ಓದಿ.’

‘ಮುಚ್ಚಿ’ ಎಂದು ಸ್ಪಷ್ಟವಾಗಿ ಓದಿದೆ.

ಕೊಬ್ಬರಿ ಆಯುತ್ತಿದ್ದ ಹೆಂಗಸರ ಕೈಗಳು ನಿಂತವು. ತಕ್ಕಡಿಯ ಬಳಿಯಿದ್ದ ಹಮಾಲಿಯೊಬ್ಬ ಕೆಮ್ಮಿದ. ಗಂಗಾಧರಪ್ಪನವರು ಹಣೆಯ ವಿಭೂತಿ ಮುಟ್ಟಿಕೊಂಡರು.

‘ಓದಿ ಅಂದ್ರೆ ಓದೇಬುಟ್ರಲ್ಲ ಸ್ವಾಮಿ. ಗಲ್ಲಾಪೆಟ್ಟಿಗೆ ಮುಂದೆ ಕೂತ್ಕಂಡು ನನ್ ಕೈಯಾರೆ ಅದನ್ನ ಒತ್ಲಾ? ನಮ್ಮಪ್ಪನ ಕಾಲ್ದಿಂದ ಈ ಮಂಡೀಲಿ ಆ ಮಾತು ಆಡಿಲ್ಲ ಕಣ್ರೀ. ಸಂಜೆ ಬೀಗ ಹಾಕೋವಾಗ್ಲೂ ಬಾಗ್ಲು ಮುಂದಕ್ಕೆ ಮಾಡ್ರೋ ಅಂತೀವಿ.’

‘ಹಾಗಾದ್ರೆ ಮೂಲೆಯಲ್ಲಿರೋ ಕೆಂಪು ಇಂಟು ಮಾರ್ಕನ್ನಾದರೂ...’

‘ಅದು ಇಸ್ಕೂಲ್ನಲ್ಲಿ ಲೆಕ್ಕ ತಪ್ಪಾದ್ರೆ ಹಾಕೋ ಗುರ್ತು. ನನ್ ಕೊಬ್ರಿ ಧಾರಣೆ ಮೇಲೆ ನಾನೇ ತಪ್ಪು ಹಾಕ್ಕಳ್ಳಾ? ಚೆನ್ನಾಗಿ ಹೇಳ್ತೀರಿ.’

ನಮ್ಮ ಅವ್ವ ಒಂದು ದಿನವೂ ‘ದೀಪ ಆರಿಸು’ ಎಂದವರಲ್ಲ. ‘ದೊಡ್ಡದು ಮಾಡು’ ಎನ್ನುತ್ತಿದ್ದರು. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎಂದರೆ ತಡೆದು ನಿಲ್ಲಿಸಿ, ‘ಬತ್ತೀನಿ’ ಎನಿಸಿಯೇ ಕಳುಹಿಸುತ್ತಿದ್ದರು. ಈ ಎಲ್ಲವೂ ನನಗೆ ಗೊತ್ತಿದ್ದ ಕನ್ನಡವೇ. ನಿಘಂಟು ತೆರೆದ ಹೊತ್ತಿನಲ್ಲಿ ಅದು ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಆ ಸಾಲಿನ ಮಂಡಿಗಳಿಗೆಲ್ಲ ಹೋಗಿ ನೋಡಿದೆ. ಎಲ್ಲೆಡೆಯೂ ಅದೇ ಕಥೆ. ಕೆಲವರು ಕಿಟಕಿಗಳನ್ನು ಕೆಳಗೆ ಕೂರಿಸಿದ್ದರು, ಕೆಲವರು ಒಂದರ ಮೇಲೊಂದು ಪೇರಿಸಿದ್ದರು. ಒಬ್ಬರು ಮಾತ್ರ ಗುಂಡಿ ಒತ್ತುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹೀಗೆ ಕೂರಿಸಿಟ್ಟ ಒಂದೊಂದು ಕಿಟಕಿಯೂ, ಯಾರೂ ನೋಡದಿದ್ದರೂ, ಹತ್ತು ಸೆಕೆಂಡಿಗೊಮ್ಮೆ ಸರ್ವರಿನ ಕದ ತಟ್ಟಿ ‘ಧಾರಣೆ ಏನು?’ ಎಂದು ಕೇಳುತ್ತಿತ್ತು. ಕೇಳಿದಾಗಲೆಲ್ಲ ಸರ್ವರ್ ಅಂದಿನ ಎಲ್ಲ ಲಾಟುಗಳನ್ನೂ ಹರಡಿಕೊಂಡು, ಕನಿಷ್ಠ, ಗರಿಷ್ಠ, ಸರಾಸರಿಗಳನ್ನು ಹೊಸದಾಗಿ ಲೆಕ್ಕ ಹಾಕಿ, ಸಂದರ್ಶಕರ ಸಂಖ್ಯೆಗೆ ಒಂದನ್ನು ಕೂಡಿಸಿ ಉತ್ತರ ಕೊಡುತ್ತಿತ್ತು.

ಅಂದರೆ ದಿಲ್ಲಿಯವರೂ ರಾಜಸ್ಥಾನದವರೂ ಯಾರು ಎಂಬುದು ನನಗೆ ಆಗ ಅರ್ಥವಾಯಿತು. ಅದನ್ನು ಶಿವರುದ್ರಯ್ಯನವರಿಗೆ ಹೇಳಬೇಕಾಗಿತ್ತು. ಅದೇ ಈ ಪ್ರಕರಣದ ಕಷ್ಟದ ಭಾಗ. ಶನಿವಾರ ಹರಾಜು. ಅಷ್ಟರೊಳಗೆ ಎಲ್ಲವೂ ಸರಿಯಾಗಬೇಕು, ಪ್ರತಿ ಬೇಡಿಕೆಗೂ ಸರ್ವರಿನಿಂದ ಕೂಡುವ ಕೆಲಸ ಮಾಡಿಸುತ್ತಿದ್ದ ಸಂದರ್ಶಕರ ಸಂಖ್ಯೆಯನ್ನು ತೆಗೆಯದೆ ಸರಿಯಾಗದು. ಅವರ ಕೊಠಡಿಗೆ ಹೋಗಿ, ಕುಳಿತುಕೊಳ್ಳದೆ, ಎಲ್ಲವನ್ನೂ ವಿವರಿಸಿದೆ. ಅವರು ಪೇಪರ್‌ವೇಟನ್ನು ತಿರುಗಿಸುತ್ತಿದ್ದರು.

‘ಹಂಗಾದ್ರೆ ಉತ್ತರದೋರು ಯಾರೂ ನೋಡ್ತಿರ್ಲಿಲ್ವಾ?’

‘ಕೆಲವರು ನೋಡ್ತಿದ್ದಾರೆ ಸಾರ್. ಹೆಚ್ಚಿನದು ನಮ್ಮ ಯಾರ್ಡಿನದೇ.’

‘ಅದ್ರಲ್ಲೂ ಗಂಗಾಧರಪ್ಪಂದು ಎಷ್ಟಿತ್ತು?’

‘ಅವರದ್ದು ಬಹಳ ಇತ್ತು ಸಾರ್.’

‘ಹೋದ ಸಭೇಲಿ ಆ ಸಂಖ್ಯೆ ಹೇಳ್ದಾಗ ಎಲ್ರಿಗಿಂತ ಜೋರಾಗಿ ಚಪ್ಪಾಳೆ ತಟ್ದೋನು ಅವ್ನೇ ಕಣಯ್ಯ’ ಎಂದು ನಗಲಾರಂಭಿಸಿದರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ‘ತೆಗ್ದಾಕು. ಆ ಜಾಗದಲ್ಲಿ ಧಾರಣೇನ ಇನ್ನೂ ದಪ್ಪಗೆ ಬರಿ.’ ಮೇಲಧಿಕಾರಿಗಳು ಹೀಗೂ ಇರುತ್ತಾರೆ ಎಂಬುದನ್ನು ಹೊಸಬರು ತಿಳಿದಿರಲಿ. ಸತ್ಯವನ್ನು ಹೇಳುವ ಮೊದಲೇ ಅವರ ಪರವಾಗಿ ನಾವೇ ಹೆದರುವುದು ಬೇಡ.

ಉಳಿದ ಕೆಲಸ ಕಠಿಣವಾಗಿರಲಿಲ್ಲ. ಅಲ್ಲಿಯವರೆಗೆ ನಮ್ಮ ಪುಟ, ಬಂದ ಪ್ರತಿಯೊಬ್ಬ ನೆಂಟನಿಗೂ ಹೊಸದಾಗಿ ರಾಗಿ ಬೀಸಿ, ಒಲೆ ಹೊತ್ತಿಸಿ, ಒಂದೇ ಮುದ್ದೆ ತೊಳಸುವ ಮನೆಯಂತಿತ್ತು. ಈಗ ನಾನು ಹೊಸ ಲಾಟಿನ ಧಾರಣೆ ತುಂಬಿದಾಗ ಮಾತ್ರ ಲೆಕ್ಕ ನಡೆದು, ಪುಟ ಒಮ್ಮೆ ಸಿದ್ಧವಾಗಿ ನಿಲ್ಲುವಂತೆ ಮಾಡಿದೆ. ಬಂದವರಿಗೆಲ್ಲ ಅದನ್ನೇ ಬಡಿಸುವುದು. ಹತ್ತು ಸೆಕೆಂಡು ಎಂಬುದನ್ನು ಒಂದು ನಿಮಿಷಕ್ಕೆ ಏರಿಸಿದೆ. ಎಷ್ಟು ಸಲ ಒತ್ತಿದರೂ ಹೊಸ ಕಿಟಕಿ ಹುಟ್ಟದೆ, ಮೊದಲು ತೆರೆದದ್ದೇ ಮುಂದೆ ಬರುವಂತೆ ಮಾಡಿದೆ.

ಗುಂಡಿಯ ಪದವೊಂದು ಬಾಕಿ ಉಳಿಯಿತು. ‘ಬಾಗಿಲು ಮುಂದಕ್ಕೆ ಮಾಡಿ’ ಎಂಬುದು ಗುಂಡಿಯೊಳಗೆ ಹಿಡಿಸಲಿಲ್ಲ. ‘ಬರುತ್ತೇನೆ’ ಎಂದು ಬರೆದು ಪುಟ್ಟತಾಯಮ್ಮನಿಗೆ ತೋರಿಸಿದೆ.

‘ನಾಟಕದಲ್ಲಿ ರಾಜ ಹೇಳ್ದಂಗದೆ ಅಣ್ಣ. ಯಾರಾದ್ರೂ ಹಂಗಂತಾರಾ? ಬತ್ತೀನಿ ಅಂತ ಹಾಕಿ.’

‘ಸಂಘದ ಜಾಲತಾಣದಲ್ಲಿ ಹಾಗೆ ಬರೆಯೋಕಾಗುತ್ತೇನಮ್ಮ? ಓದಿದವರು ಏನಂದುಕೊಳ್ತಾರೆ?’

‘ಓದ್ದೋರು ಒತ್ತಲ್ಲ ಅಂತಲೇ ತಾನೆ ಇಷ್ಟೆಲ್ಲಾ ಆಗಿದ್ದು? ಹೊರ್ಗಡೆ ಚೀಲ ಕೂತವೆ, ನೀವು ಇನ್ನೂ ನಿಘಂಟು ನೋಡ್ತಿದ್ದೀರಿ.’

ನಿಘಂಟನ್ನು ಎತ್ತಿಟ್ಟು ‘ಬತ್ತೀನಿ’ ಎಂದು ಬರೆದೆ. ನನ್ನ ಇಡೀ ಸೇವೆಯಲ್ಲಿ ಕಚೇರಿಯ ಹೆಸರಿನಲ್ಲಿ ಬರೆದ ಒಂದೇ ಒಂದು ಆಡುಮಾತು ಅದು.

ಶನಿವಾರ ಬಂದಿತು. ಬೆಳಿಗ್ಗೆಯಿಂದ ನಾನು ಭಾರದ ಗೆರೆಯ ಮುಂದೆ ಕುಳಿತಿದ್ದೆ. ಬಾಗಿಲ ಬಳಿಯ ಚೀಲಗಳಿಗೆ ಇನ್ನೊಂದು ಹೊರೆ ಸೇರಿತ್ತು. ಲಾಟುಗಳ ಧಾರಣೆ ಬರತೊಡಗಿತು. ಪುಟ್ಟತಾಯಮ್ಮ ಹೇಳುತ್ತಾ ಹೋದಳು, ನಾನು ತುಂಬುತ್ತಾ ಹೋದೆ. ಪ್ರತಿ ಸಲ ಬೀಗ ಬೀಳುತ್ತಿದ್ದ ಹೊತ್ತು ಸಮೀಪಿಸಿತು. ಶಿವರುದ್ರಯ್ಯನವರು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು. ಗೆರೆ ನೆಲದ ಮೇಲೆ ಮಲಗಿದ್ದ ನಾಯಿಯಂತೆ ಒಮ್ಮೆ ತಲೆಯೆತ್ತಿ ಮತ್ತೆ ಮಲಗಿತು.

ಫೋನಿನಲ್ಲಿ ಪುಟ್ಟತಾಯಮ್ಮನ ದನಿ ಕೇಳಿತು: ‘ಅಣ್ಣ, ಇಲ್ಲಿ ಎಲ್ರೂ ಗುಂಡಿ ಒತ್ತೋವಾಗ ಬಾಯಲ್ಲೂ ಬತ್ತೀನಿ ಅಂತಾವ್ರೆ.’

ಹರಾಜಿನ ಕೊನೆಯ ಲಾಟಿನ ಧಾರಣೆಯೂ ಕಂಡಿತು. ಶಿವರುದ್ರಯ್ಯನವರು ಹೊರಗೆ ಹೋಗಿ ಜವಾನನಿಗೆ, ‘ಈ ಚೀಲ ಯಾಕಯ್ಯ ಇಲ್ಲಿ ಕೂತವೆ? ಓಡಾಡೋ ದಾರೀಲಿ. ಹಿಂದಕ್ಕೆ ಹಾಕು’ ಎಂದದ್ದು ಒಳಗೆ ಕೇಳಿಸಿತು. ಶೆಡ್ಡು ಸೋರುತ್ತದೆಂಬ ಮಾತನ್ನು ಯಾರೂ ಎತ್ತಲಿಲ್ಲ. ಕೆಲವು ತಿಂಗಳ ನಂತರ ಪುಟ್ಟತಾಯಮ್ಮನ ನೌಕರಿ ಕಾಯಂ ಆಯಿತು.

ಮುಂದಿನ ವಾರ ಗಂಗಾಧರಪ್ಪನವರು ಖುದ್ದಾಗಿ ಕಚೇರಿಗೆ ಬಂದರು. ಯಂತ್ರ ಈಗ ಸಂಜೆಯವರೆಗೂ ಓಡುತ್ತದೆಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು, ಒಂದು ದೂರು ಇದೆಯೆಂದರು.

‘ನಾನು ಬತ್ತೀನಿ ಅಂತೀನಿ. ಅದು ಮಾತಾಡ್ದೆ ಹೊರಟೋಗ್ತದೆ. ಮನೆಯೋರು ಹಿಂಗ್ ಮಾಡ್ತಾರಾ ಮೇಷ್ಟ್ರೇ? ಆಗ್ಲಿ ಬನ್ನಿ ಅನ್ನಕ್ಕೇನು ಅದಕ್ಕೆ?’

ನ್ಯಾಯವಾದ ದೂರು. ಆದರೆ ಅಷ್ಟೆಲ್ಲ ಪಾಡುಪಟ್ಟವನು, ಆ ಎರಡು ಪದಗಳಿಗಾಗಿ ಮತ್ತೆ ಸರ್ವರಿನ ಕದ ತಟ್ಟುವುದಕ್ಕೆ ಒಪ್ಪಲಾರದೆ ಯೋಚಿಸಿದೆ. ಕಡೆಗೆ, ನೋಡುವವರ ಯಂತ್ರದಲ್ಲಿಯೇ ನಡೆದುಹೋಗುವ ಒಂದು ಸಾಲಿನ ಆಜ್ಞೆ ಬರೆದೆ. ‘ಬತ್ತೀನಿ’ ಎಂದು ಒತ್ತಿದರೆ ‘ಆಗಲಿ, ಬನ್ನಿ’ ಎಂಬ ಪುಟ್ಟ ಚೌಕ ಕಾಣಿಸಿಕೊಂಡು, ಆಮೇಲೆ ಕಿಟಕಿ ಮರೆಯಾಗುತ್ತಿತ್ತು. ಇಲ್ಲಿ ನಾನು ‘ಆಗ್ಲಿ’ ಎಂದು ಬರೆಯದೆ ‘ಆಗಲಿ’ ಎಂದೇ ಬರೆದೆ. ಅಷ್ಟು ಸ್ವಾತಂತ್ರ್ಯವನ್ನು ಪುಟ್ಟತಾಯಮ್ಮ ನನಗೆ ಕೊಟ್ಟಳು.

ಅನಂತರ ಸರ್ವರುಗಳು ಬದಲಾದವು, ಕಂಪನಿಗಳು ಬದಲಾದವು, ಜಾಲತಾಣವನ್ನು ಎರಡು ಮೂರು ಬಾರಿ ಹೊಸದಾಗಿ ಕಟ್ಟಿದೆವು. ಪ್ರತಿ ಬಾರಿಯೂ ಆ ಗುಂಡಿ ಹಾಗೆಯೇ ಉಳಿಯಿತು. ತೆಗೆಯೋಣವೆಂದರೆ ಯಾರ್ಡಿನವರು ಬಿಡಲಿಲ್ಲ. ತರುಣ ಮಿತ್ರರೇ, ಸರ್ವರಿನ ಮೇಲೆ ಭಾರ ಹೆಚ್ಚಾದರೆ ಲೆಕ್ಕ ಎಲ್ಲಿ ಪುನಃ ಪುನಃ ನಡೆಯುತ್ತಿದೆ ಎಂದು ನೋಡಿ, ಬೇಡಿಕೆ ಎಲ್ಲಿಂದ ಬರುತ್ತಿದೆ ಎಂದು ನೋಡಿ. ಆಮೇಲೆ ಎದ್ದು, ಅದನ್ನು ಒತ್ತುತ್ತಿರುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು.

ನಿವೃತ್ತಿಯ ದಿನ ಹಾರ, ಶಾಲು, ಭಾಷಣಗಳೆಲ್ಲ ಮುಗಿದ ಮೇಲೆ ನನ್ನ ಕೊಠಡಿಗೆ ಬಂದೆ. ಪರದೆಯ ಮೇಲೆ ಅಂದಿನ ಧಾರಣೆಯ ಕಿಟಕಿ ತೆರೆದೇ ಇತ್ತು. ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಗುಂಡಿ ಒತ್ತಿ, ಯಾರ್ಡಿನವರಂತೆ ಬಾಯಲ್ಲಿಯೂ, ‘ಬತ್ತೀನಿ’ ಎಂದೆ.

‘ಆಗಲಿ, ಬನ್ನಿ’ ಎಂದಿತು ಯಂತ್ರ. ಸರ್ವರಿನ ಮೇಲೆ ಅದರಿಂದ ಎಳ್ಳಷ್ಟೂ ಭಾರ ಬೀಳಲಿಲ್ಲ.